ಸುರುಳಿಯ ಕೆಳಗಿನ ಸೀಳುಗಳು

ಶಿಗ್ಗಾವಿ ಬಳಿಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಉಳಿವೆಪ್ಪ ಸರ್ ವಿಭಾಗದ ಮುಖ್ಯಸ್ಥರು. ಉತ್ತರ ಬರದಿದ್ದರೂ ಹಾಳೆಯಲ್ಲಿ ಖಾಲಿ ಜಾಗ ಬಿಡಬಾರದು ಎಂಬುದು ಅವರು ಇಷ್ಟು ವರ್ಷ ಮನಸಾರೆ ಕಲಿಸಿದ ಏಕೈಕ ವಿದ್ಯೆ. ಅದರಲ್ಲಿ ಅವರನ್ನು ಮೀರಿಸಿದವರಿಲ್ಲ.

ಹಾನಗಲ್ಲಿನಿಂದ ದಿನಾ ಬಸ್ಸಿಗೆ ಬರುವ ಎಂ.ಟೆಕ್. ಹುಡುಗಿ ಸವಿತಾ ಮಾತ್ರ ಬೇಕೆಂದೇ ಖಾಲಿ ಬಿಟ್ಟಿದ್ದಳು. ಅವಳು ವರ್ಷವಿಡೀ ಕೂತು ಬಿಡಿಸಿದ ಚಿಪ್‌ನ ನಕ್ಷೆಯಲ್ಲಿ ಸಾಸಿವೆ ಕಾಳಿಗಿಂತ ಸಣ್ಣದೊಂದು ಲೋಹದ ಸುರುಳಿಯಿತ್ತು. ಅದರ ಕಸುವನ್ನು ಕೆಳಗಿನ ಸಿಲಿಕಾನ್ ನುಂಗದಿರಲೆಂದು ನಡುವೆ ಲೋಹದ ತೆಳು ಪದರ ಹಾಸಿ, ಅದರ ತುಂಬ ಸೀಳು ಬಿಟ್ಟಿದ್ದಳು. ಸೀಳಿಲ್ಲದಿದ್ದರೆ ಆ ಪದರದಲ್ಲೇ ಕರೆಂಟು ಗಾಣದ ಎತ್ತಿನಂತೆ ಸುತ್ತಿ ಸುರುಳಿಯನ್ನು ಸಾಯಿಸುತ್ತದೆ. ವಿದ್ಯಾರ್ಥಿಗಳ ನಕ್ಷೆಗೆ ಚಿಪ್ ತಯಾರಿಸಿಕೊಡುವ ಸರ್ಕಾರಿ ಯೋಜನೆಯಲ್ಲಿ ಸಿಕ್ಕಿದ್ದು ಒಂದೇ ಅವಕಾಶ. ಚಿಪ್ ಕೆಲಸ ಮಾಡಿದರೆ ಅವಳಿಗೆ ಪಿಎಚ್.ಡಿ. ಸೀಟು.

ನಕ್ಷೆ ಕಳಿಸುವ ದಿನ ಸರ್ ಕನ್ನಡಕ ಏರಿಸಿ ನೋಡಿದರು.

"ಏನ್ ತಂಗಿ ಇದು, ಹರದ ಸೀರಿ ಹಂಗ? ನೋಡಿದವರು ಏನಂದಾರು?"

"ಹಂಗ ಇರಬೇಕ್ರಿ ಸರ್. ಮುಚ್ಚಿದ್ರ ಸುರುಳಿ ಕೆಲಸ ಮಾಡೂದಿಲ್ರಿ."

"ಆತು, ನೀ ಬಸ್ಸಿಗೆ ನಡಿ. ನಾ ಕಳಸ್ತೇನಿ."

ಕಳಿಸಿದರು. ಅದಕ್ಕೂ ಮುಂಚೆ ಒಂದೊಂದೇ ಸೀಳನ್ನು ತಮ್ಮ ಅಮೃತಹಸ್ತದಿಂದ ತುಂಬಿದರು. ಮರುದಿನ ಗೇಟಿಗೆ ಫ್ಲೆಕ್ಸ್ ಏರಿತು: 'ಚಿಪ್ ಶಿಲ್ಪಿ ಉಳಿವೆಪ್ಪ'. ಫೋಟೋ ದೊಡ್ಡದಾದ್ದರಿಂದ ಸವಿತಾಳ ಹೆಸರಿಗೆ ಜಾಗ ಸಾಲಲಿಲ್ಲವಂತೆ.

ತಿಂಗಳುಗಟ್ಟಲೆ ಕಾದ ಮೇಲೆ ಚಿಪ್ ಬಂತು. ಯಂತ್ರಕ್ಕೆ ಜೋಡಿಸಿದರೆ ಸುರುಳಿ ಕಮಕ್ ಕಿಮಕ್ ಅನ್ನಲಿಲ್ಲ.

"ನೋಡು, ಒಂಚೂರೂ ಗದ್ದಲಿಲ್ಲ," ಎಂದು ಸರ್ ಸಮಾಧಾನ ಹೇಳಿದರು.

ಸವಿತಾ ಕಂಪ್ಯೂಟರಿನಲ್ಲಿ ಸರ್ ಕಳಿಸಿದ್ದ ನಕ್ಷೆ ತೆರೆದಳು. ಒಂದು ಸೀಳೂ ಉಳಿದಿರಲಿಲ್ಲ. ಸರ್ ಗಣಪ್ಪನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದರು. ಅವಳಿಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು.

ಯೋಜನೆಯವರು ಪರಿಶೀಲನೆಗೆ ಬಂದ ದಿನ ಮೇಜಿನ ಮೇಲೆ ಸವಣೂರು ಖಾರಾ, ಚಹಾ ಸಿದ್ಧವಿತ್ತು. ಗೇಟಿನ ಫ್ಲೆಕ್ಸ್ ಗಾಳಿಗೆ ಹಾರಿಹೋಗಿತ್ತಂತೆ. ಗಾಳಿ ಮಾತ್ರ ಇರಲಿಲ್ಲ.

"ಈ ಚಿಪ್ ಯಾರ ಕೆಲಸ?" ಬಂದವರಲ್ಲಿ ಹಿರಿಯರಾದ ಶೈಲಶ್ರೀ ಕೇಳಿದರು.

"ನಮ್ಮ ಸವಿತಾಂದ್ರಿ," ಎಂದರು ಸರ್, ಧಾರಾಳವಾಗಿ. "ಎಲ್ಲಾ ಆಕೀನ ಮಾಡ್ಯಾಳ್ರಿ. ನಾ ಕೈ ಸುದ್ದಾ ಹಚ್ಚಿಲ್ಲರಿ."

ಸವಿತಾ ಎದ್ದು, ತಾನು ಬಿಡಿಸಿದ ನಕ್ಷೆಯನ್ನೂ ಸರ್ ಕಳಿಸಿದ್ದನ್ನೂ ಗೋಡೆಯ ಮೇಲೆ ಪಕ್ಕಪಕ್ಕ ತೋರಿಸಿದಳು.

"ಹೌದ್ರಿ, ಸುರುಳಿ ನಂದ. ಸೀಳೂ ನಂದ. ಖಾಲಿ ಕಾಣ್ತೇತಿ ಅಂತ ಸರ್ ತುಂಬ್ಯಾರ್ರಿ."

ಶೈಲಶ್ರೀ ಎರಡನ್ನೂ ನೋಡಿದರು. "ಇನ್ನೊಂದು ಅವಕಾಶ ಕೊಡ್ತೇವೆ, ಈ ಸಲ ನಿನ್ನ ನಕ್ಷೆಯನ್ನು ನೀನೇ ಕಳಿಸಮ್ಮ," ಎಂದು ಸರ್ ಕಡೆ ತಿರುಗಿದರು. "ಇವನ್ನು ಯಾಕೆ ಮುಚ್ಚಿದಿರಿ?"

ಉಳಿವೆಪ್ಪ ಸರ್ ಜೀವನದಲ್ಲಿ ಮೊದಲ ಸಲ ಉತ್ತರದ ಜಾಗವನ್ನು ಖಾಲಿ ಬಿಟ್ಟರು.