ಹುಳಿ ಪಥ್ಯ

ಸ್ಟೌವಿನ ಮೇಲೆ ಚಾಕು ಕುದಿಯುತ್ತಿದೆ, ಪಾತ್ರೆಯ ತಳಕ್ಕೆ ಬಡಿದು ಟಿಣ್ ಟಿಣ್ ಅನ್ನುತ್ತಿದೆ, ಅಮ್ಮ ತೊವ್ವೆ ಬೇಯಿಸುವಾಗಲೂ ಹೀಗೇ ಮುಚ್ಚಳ ಕುಣಿಯುತ್ತಿತ್ತು — ಇದೇನು, ಮಗುವಿನ ಕತ್ತಿಗೆ ಚಾಕು ಇಡುವ ಹೊತ್ತಿನಲ್ಲಿ ತೊವ್ವೆಯ ಧ್ಯಾನ, ಯೋಗಾನರಸಿಂಹನಿಗೆ ತನ್ನ ಮೇಲೇ ಸಿಟ್ಟು ಬಂತು, ಮದ್ದೂರಿನ ಪೇಟೆಬೀದಿಯಲ್ಲಿ ಡಾಕ್ಟರೆಂದು ಬೋರ್ಡು ಹಾಕಿಕೊಂಡು ಆರು ವರ್ಷವಾಯಿತು, ದೊಡ್ಡವರ ಕಾಲು ಕೊಡಿ, ಬೆನ್ನು ಕೊಡಿ, ಹಲಸಿನಹಣ್ಣು ಹೆಚ್ಚಿದ ಹಾಗೆ ಹೆಚ್ಚಿಯಾನು, ಆದರೆ ಏಳು ವರ್ಷದ ಹುಡುಗಿಯ ದವಡೆಯ ಕೆಳಗೆ, ಅಲ್ಲೊಂದು ಕೂದಲೆಳೆಯಂಥ ನರ, ಅದಕ್ಕೆ ತಾಗಿತೋ ಬಾಯಿ ಸೊಟ್ಟ, ಬದುಕಿರುವಷ್ಟು ಕಾಲ ಸೊಟ್ಟ ನಗು, ಮದುವೆಯ ಹಸೆಯ ಮೇಲೂ ಸೊಟ್ಟ ನಗು, ಹೋದ ವರ್ಷ ಮಳವಳ್ಳಿಯಿಂದ ಬಂದ ಚಲುವರಾಜುವಿಗೆ ಕೊಯ್ದದ್ದೇನೋ ಸರಿಯಾಗಿಯೇ ಇತ್ತು, ಅದು ಕಂಠಮಾಲೆಯೇ, ಕತ್ತಿನ ಸುತ್ತ ಮಣಿ ಪೋಣಿಸಿದಂತೆ ಗಂಟುಗಳು, ಆದರೂ ಗಾಯ ಒಣಗುವುದಕ್ಕೆ ಆರು ತಿಂಗಳು, ಇದು ಅದೇ ಹೌದೋ ಅಲ್ಲವೋ, ಹೌದು, ಇನ್ನೇನಿದ್ದೀತು, ಸ್ವಾಮಿ, ನೀರು ಬತ್ತಿತು, ಇನ್ನಷ್ಟು ಉಯ್ಯಲಾ ಅನ್ನುತ್ತಿದ್ದಾನೆ ಕಾಂಪೌಂಡರ್ ಮರಿಸಿದ್ದಯ್ಯ, ಉಯ್ಯಿ, ಉಯ್ಯಿ, ಅವಸರವೇನಿದೆ.

ಅವಸರವಿಲ್ಲ ಅಂದದ್ದು ಬಾಯಿ, ಒಳಗೆ ಅನುಮಾನ ಕೆರೆಯುತ್ತಲೇ ಇದೆ, ಕೆಪ್ಪಟೆಯಾಗಿದ್ದರೆ ಎರಡೂ ಕೆನ್ನೆ ಊದಿ ವಾರದಲ್ಲಿ ಇಳಿಯಬೇಕಿತ್ತು, ಹಲ್ಲಿನ ಕೀವೆಂದರೆ ಹುಡುಗಿಯ ಹಲ್ಲು ಮಲ್ಲಿಗೆಯ ಮೊಗ್ಗು, ಕಂಠಮಾಲೆಯೆಂದರೆ ಗಂಟು ಒಂದೇ, ಅದೂ ಮೆತ್ತಗೆ, ಮನೆಯವರು ನಿಂಬೆಕಾಯಿಯಷ್ಟಿತ್ತು ಅಂದದ್ದು ತಾನು ಎರಡು ಸಲ ನೋಡಿದಾಗಲೂ ನೆಲ್ಲಿಕಾಯಿಗೆ ಇಳಿದಿತ್ತು, ದೀಪಾವಳಿ ಕಳೆದು ಕೊಪ್ಪದಿಂದ ಗಾಡಿ ಕಟ್ಟಿಕೊಂಡು ಬಂದಿದ್ದರು, ಅಪ್ಪ ಚಿಕ್ಕಣ್ಣ ಮಾತೇ ಆಡದ ಆಳು, ಮಾತೆಲ್ಲ ಅಜ್ಜಿ ದೇವಿರಮ್ಮನದು, ಉಳಿ ತಿಂದ್ರೆ ಸಾಕು ಕಣಪ್ಪ, ಗಡ್ಡೆ ಎದ್ದು ಕುಂತ್ಕತದೆ, ಉಳಿ ಬುಡುಸುದ್ರೆ ಇಳ್ಕತದೆ, ಅದ್ಕೇ ಉಣ್ಸೆಅಣ್ಣು, ಮಜ್ಜಿಗೆ ಏನೂ ಮುಟ್ಸಾಕಿಲ್ಲ, ಅವನು ನಕ್ಕಿದ್ದ, ಗಡ್ಡೆಗೇನು ಗೊತ್ತಜ್ಜಿ ನಿಮ್ಮನೆ ಸಾರಿಗೆ ಏನು ಹಾಕಿದಿರಿ ಅಂತ, ಮರಿಸಿದ್ದಯ್ಯನೂ ನಕ್ಕಿದ್ದ, ಪಥ್ಯವೆಂದರೆ ಈ ಮುದುಕಿಯರಿಗೆ ಕಜ್ಜಿಗೂ ಅದೇ, ಕಾಲುನೋವಿಗೂ ಅದೇ, ಆಮೇಲೆ ಹುಡುಗಿ ಮೊನ್ನೆ ಯಾರದೋ ಮದುವೆಯಲ್ಲಿ ಉಂಡು ಬಂದವಳೇ ಮೂರು ದಿನ ಜ್ವರ, ಗಡ್ಡೆ ಮತ್ತೆ ನಿಂಬೆಕಾಯಿ ಆಗಿತ್ತಂತೆ, ಚಿಕ್ಕಣ್ಣ ಮೊದಲ ಸಲ ಬಾಯಿಬಿಟ್ಟ, ಕುಯ್ದುಬುಡಿ ಸ್ವಾಮಿ, ಇವನೂ ಆಗಲಿ ಅಂದುಬಿಟ್ಟ, ಕ್ಲೋರೋಫಾರಂ ಕೊಡಬೇಕು, ಬೆಳಿಗ್ಗೆಯಿಂದ ಮಗುವಿಗೆ ತೊಟ್ಟು ನೀರೂ ಕೂಡದು, ಹೊಟ್ಟೆ ಖಾಲಿ ಇರಲಿ.

ಖಾಲಿ ಹೊಟ್ಟೆಯ ಹುಡುಗಿ ಎಲ್ಲಿ, ಕಿಟಕಿಯಾಚೆ ಇಣುಕಿದ, ಅಜ್ಜಿ ಹಿಂಬದಿಯ ಜಗಲಿಯ ಮೇಲೆ ಎಲೆಯಡಿಕೆ ಬಿಚ್ಚಿಕೊಂಡು ಕೂತಿದ್ದಾಳೆ, ಹುಡುಗಿ ಮಾಯಮ್ಮ ಹಿತ್ತಲ ಹುಣಸೆಮರದ ಬುಡದಲ್ಲಿ, ಬೆನ್ನು ಅಜ್ಜಿಯ ಕಡೆಗೆ, ಮುಖ ಇವನ ಕಡೆಗೆ, ಕೈಯಲ್ಲಿ ಹಸಿರು ಹುಣಸೆಕಾಯಿ — ಏ ಕಳ್ಳಿ, ಅನ್ನಲು ಹೊರಟ ಬಾಯಿ ಅಲ್ಲೇ ನಿಂತಿತು, ಹುಡುಗಿ ಕಚ್ಚಿದಳು, ಒಂದು ಕಣ್ಣು ಮುಚ್ಚಿತು, ಬಾಯಿ ಸೊಟ್ಟಗಾಯಿತು, ಭುಜ ಕಿವಿಗೆ ಏರಿತು, ಮತ್ತೆ ಕಚ್ಚಿದಳು, ಆಗ ಬಲದವಡೆಯ ಕೆಳಗೆ ಅದು ಏಳತೊಡಗಿತು, ಅವನ ಕಣ್ಣೆದುರೇ, ಎಣ್ಣೆಗೆ ಬಿಟ್ಟ ಪೂರಿ ಎದ್ದ ಹಾಗೆ, ನೆಲ್ಲಿಕಾಯಿ ಹೋಗಿ ನಿಂಬೆಕಾಯಿ, ಅಯ್ಯೋ ಪೆದ್ದ ಡಾಕ್ಟರೇ, ಅಜ್ಜಿ ಎರಡು ತಿಂಗಳ ಹಿಂದೆಯೇ ಹೇಳಿದ್ದಳಲ್ಲೋ, ಅದು ಗಂಟಲ್ಲ, ಕೊಯ್ಯುವಂಥದ್ದೇ ಅಲ್ಲ, ಜೊಲ್ಲಿನ ಗ್ರಂಥಿ, ಹುಳಿ ಕಂಡರೆ ಜೊಲ್ಲು ಉಕ್ಕುತ್ತದೆ, ನಾಲಗೆಯಡಿಯ ತೂತು ಕಟ್ಟಿಕೊಂಡಿದ್ದರೆ ಹಿಂದೆ ನಿಂತು ಊದುತ್ತದೆ, ತೂಬಿಗೆ ಕಸ ಸಿಕ್ಕಿದ ನಾಲೆಯ ಹಾಗೆ, ಪಥ್ಯ ಮಾಡಿಸಿದ್ದಕ್ಕೇ ತಾನು ನೋಡಿದಾಗಲೆಲ್ಲ ಅದು ಸಣ್ಣಗಿತ್ತು, ಪುಸ್ತಕದಲ್ಲಿ ಓದಿದ್ದು ದೊಡ್ಡವರ ವಿಷಯ, ಮಕ್ಕಳಲ್ಲಿ ಲಕ್ಷಕ್ಕೊಂದು, ಆ ಒಂದು ತನ್ನ ಹಿತ್ತಲಲ್ಲೇ ನಿಂತು ಕದ್ದು ಹುಣಸೆಕಾಯಿ ತಿನ್ನುತ್ತಿದೆ, ಪಂಚೆ ಎತ್ತಿ ಕಟ್ಟಿ ಓಡಿದ, ಬಾಯಿ ತೆಗಿ ಮಗ, ಬಯ್ಯೋಲ್ಲ, ಆಣೆಗೂ ಬಯ್ಯೋಲ್ಲ, ನಾಲಗೆ ಮೇಲೆತ್ತು, ಬಿಸಿಲಿಗೆ ತಿರುಗಿಸಿ ನೋಡಿದರೆ ಕೆಂಪಗೆ ಊದಿದ ತೂತಿನಲ್ಲಿ ಬಿಳಿಯ ಮೊನೆ, ಚಿಮಟ ತಾರೋ ಮರಿಸಿದ್ದಯ್ಯ, ಹಿಡಿದ, ಜಾರಿತು, ಮತ್ತೆ ಹಿಡಿದ, ಬಂತು, ಕಬ್ಬಿನ ಸಿಬುರು, ಭತ್ತದ ಕಾಳಿನುದ್ದ, ಸುಣ್ಣ ಕಟ್ಟಿಕೊಂಡಿದೆ, ಹಿಂದೆಯೇ ಕೀವು, ಜೊಲ್ಲು, ಹುಡುಗಿ ಥೂ ಥೂ ಎಂದು ಉಗಿದಳು, ಗಡ್ಡೆ ಅವನ ಬೆರಳಿನಡಿಯಲ್ಲೇ ಇಳಿದುಹೋಯಿತು, ನಾಲೆ ನೀರು ಬಂದ ಮೇಲೆ ಕೊಪ್ಪದ ತುಂಬ ಕಬ್ಬು, ಮಕ್ಕಳ ಬಾಯಲ್ಲಿ ಹೊತ್ತುಹೊತ್ತಿಗೂ ಜಲ್ಲೆ, ಸಿಬುರು ಎಲ್ಲಿ ಬೇಕಾದರೂ ಹೊಕ್ಕೀತು, ಚಿಕ್ಕಣ್ಣ ಮಗಳ ಕತ್ತು ಮುಟ್ಟಿ ಮುಟ್ಟಿ ನೋಡುತ್ತಿದ್ದಾನೆ, ಕಣ್ಣಲ್ಲಿ ನೀರು, ಕುಯ್ಯದು ಬ್ಯಾಡ್ವ ಸ್ವಾಮಿ, ಬೇಡಪ್ಪ, ಬಾಯಿ ಮುಕ್ಕಳಿಸಲು ಔಷಧಿ ಕೊಡ್ತೀನಿ, ಅಷ್ಟೇ.

ಅಜ್ಜಿ, ನೀನು ಹೇಳಿದ್ದೇ ಸರಿ, ನಾನೇ ಕಿವಿಗೆ ಹಾಕಿಕೊಳ್ಳಲಿಲ್ಲ, ತಪ್ಪಾಯ್ತು ಅಂದ, ಯೋಳುದ್ನಲ್ಲ, ನೀವು ನಗಾಡುದ್ರಿ ಅಂದಳು ದೇವಿರಮ್ಮ, ಅಂದು ತಾನೂ ನಕ್ಕುಬಿಟ್ಟಳು, ಮಾಯಿ ಇನ್ನು ಉಳಿ ತಿನ್ಬೌದಾ, ತಿನ್ನಲಿ, ಬೊಗಸೆ ತುಂಬ ತಿನ್ನಲಿ, ಜೊಲ್ಲು ಹರಿದಷ್ಟೂ ಒಳ್ಳೇದು, ಸಂತೋಷಕ್ಕೆ ಎದೆ ಬಿರಿಯುವಂತಾಗಿ ಅವನು ಜಗಲಿಯ ಮೇಲೇ ಕುಕ್ಕರಿಸಿದ, ಮಾತು ಕೇಳುವ ಮಗುವೇ ಜಾಣ ಮಗು ಎಂದು ದಿನಕ್ಕೆ ಹತ್ತು ಸಲ ಹೇಳುವವನು ತಾನು, ಇವಳು ಮಾತು ಕೇಳಿದ್ದರೆ, ಉಪವಾಸವಿದ್ದು ಜಾಣೆಯಾಗಿ ಮೇಜಿನ ಮೇಲೆ ಮಲಗಿದ್ದರೆ, ಇಷ್ಟು ಹೊತ್ತಿಗೆ — ಬೇಡ, ಅದು ಬೇಡ, ಅಗೋ ಅವಳು ಮತ್ತೆ ಮರದ ಬುಡಕ್ಕೆ ಹೋದಳು, ಈಗ ಅಜ್ಜಿಯ ಕಡೆಗೇ ಮುಖ, ಕದಿಯುವ ಕೆಲಸವಿಲ್ಲ, ಕಚ್ಚಿದಳು, ಒಂದು ಕಣ್ಣು ಮುಚ್ಚಿತು, ಬಾಯಿ ಸೊಟ್ಟಗಾಯಿತು, ಅವನು ಉಸಿರು ಬಿಗಿಹಿಡಿದ, ನೆಟ್ಟಗಾಯಿತು, ನಕ್ಕಳು, ಮತ್ತೆ ಕಚ್ಚಿದಳು, ಸೊಟ್ಟ, ಮತ್ತೆ ನೆಟ್ಟಗೆ, ನೆಟ್ಟಗೆ.