ಹಿಮದ ಕಾಡಿಗೊಂದು ಗೆರೆ

ಕಾರಿನ ಕಿಟಕಿಯಾಚೆ ಕಲ್ಲುಬೆಟ್ಟ ತೇಲುತ್ತಿತ್ತು, ಬಿಸಿಲಿಗೆ ಅದರ ಬುಡವೇ ಕರಗಿದಂತೆ, ತೊಡೆಯ ಮೇಲಿನ ಲ್ಯಾಪ್‌ಟಾಪಿನಲ್ಲಿ ಮಾತ್ರ ಹಿಮ — ವೇದಾವತಿಗೆ ನಗು ಬಂತು, ಶುಕ್ರವಾರದ ರಜೆಯಲ್ಲಿ ಬರ್ಕಾ ದಾಟಿ ರುಸ್ತಾಕಿಗೆ ಹೊರಟವಳ ಮಡಿಲಲ್ಲಿ ಉತ್ತರ ದೇಶದ ಕಾಡು, ಎಂದೂ ಕಾಲಿಡದ ಕಾಡು, ಉಪಗ್ರಹ ತೆಗೆದ ಚಿತ್ರ, ಅದರ ನಡುವೆ ಒಂದು ಬಿಳಿ ಎಳೆ. ಮೊದಲು ಅದಕ್ಕೆ ನೀಲಿ ಬಳಿದುಬಿಟ್ಟಿದ್ದಳು, ಮಳೆ ಬಂದಾಗ ಮಾತ್ರ ಹರಿಯುವ ಈ ಅರಬ್ ನಾಡಿನ ವಾದಿ ಎಂಬ ಹಳ್ಳಗಳನ್ನು ನೋಡಿ ನೋಡಿ ಅವಳ ಕಣ್ಣಿಗೆ ಬೆಳ್ಳಗಿನದೆಲ್ಲ ಒಣಗಿದ ಹೊಳೆ, ಆದರೆ ಯಾವ ಹೊಳೆ ಇಷ್ಟು ನೆಟ್ಟಗೆ ಹರಿದೀತು, ದಾರಿ ಇದು, ಮರ ಸಾಗಿಸುವ ಹೊಸ ದಾರಿ. ಘುಬ್ರಾದ ನಕ್ಷೆ ಕಚೇರಿಯ ಮೇಲಧಿಕಾರಿ ಆಲ್ಸ್ಟನ್ ಆಗಲೇ ಫೋನು ಮಾಡಿದ್ದ, ಎಂತ ಮಾರಾಯ್ರೆ, ಇವತ್ತೇ ಕಳಿಸ್ಬೇಕಲ್ಲ, ಇದ್ದದ್ದನ್ನು ಇದ್ದ ಹಾಗೆ ಎಳೀರಿ, ದಾರಿ ಮಾಡಿದ್ದು ನಾವಲ್ಲ. ನಾವಲ್ಲ, ಹೌದು, ಆದರೆ ನಿಯಮ ಗೊತ್ತಿದ್ದೂ ಹೀಗೆ ಹೇಳುತ್ತಾನಲ್ಲ — ಮುಕ್ಕಾಗದ ದೊಡ್ಡ ಕಾಡಿಗೆ ಮಾತ್ರ ಹಸಿರು ಬಣ್ಣ, ಹಸಿರಿದ್ದರೆ ಗರಗಸ ಮುಟ್ಟುವಂತಿಲ್ಲ, ದಾರಿಯ ಗೆರೆ ಎಳೆದೊಡನೆ ಕಾಡು ಎರಡು ತುಂಡು, ತುಂಡು ನಿಗದಿತ ಅಳತೆಗಿಂತ ಚಿಕ್ಕದಾದರೆ ಬಣ್ಣ ಹಳದಿ, ಹಳದಿಯಾದರೆ ಬಂದವರಿಗೆಲ್ಲ ಬಾಗಿಲು. ಎಳೆಯದಿದ್ದರೆ ಸುಳ್ಳು, ಎಳೆದರೆ ತಾನೇ ಕೊಡಲಿ ಕಾವು.

ಮುಗೀತೇನೆ, ಒಂದು ಗೆರೆ ಎಳೆಯಕ್ಕೆ ಇಷ್ಟೊತ್ತಾ, ಗಂಡ ಚಲುವರಾಜು ಸ್ಟಿಯರಿಂಗ್ ಹಿಡಿದೇ ಕಿಚಾಯಿಸಿದ, ಕಳಿಸು, ಖಲಾಸ್, ಹಿಂದಿನ ಸೀಟಿನಿಂದ ಮಗಳು ಖುಷಿ ಕೂಗಿದಳು, ಅಮ್ಮಾ, ಜಸ್ಟ್ ಡಿಲೀಟ್ ಇಟ್ — ಮಕ್ಕಳಿಗೆ ಎಲ್ಲವೂ ಅಳಿಸಿದರೆ ಅಳಿದುಹೋಗುತ್ತದೆ. ಈ ನಾಡಿನಲ್ಲಿ ಹಾಗೇ, ಒಂದು ಪ್ರವಾಹ ಬಂದರೆ ವಾದಿಯೊಳಗಿನ ಗಾಡಿದಾರಿ ಎಲ್ಲಿತ್ತೋ ಗೊತ್ತಾಗುವುದಿಲ್ಲ, ಅಲ್ಲಿ ಹಾಗಲ್ಲವಂತೆ, ಮಣ್ಣು ಏರಿಸಿದ ದಾರಿ ನೀರಿಗೆ ಅಡ್ಡ ಮಲಗುತ್ತದೆ, ಒಂದು ಮಗ್ಗುಲಲ್ಲಿ ಮರಗಳು ನಿಂತಲ್ಲೇ ಮುಳುಗಿ ಸಾಯುತ್ತವೆ, ತೋಳಗಳಿಗೆ ನಡೆಯಲು ಸಲೀಸು, ಹಿಮಸಾರಂಗ ಮಾತ್ರ ಅಂಚಿಗೆ ಬಂದು ನಿಲ್ಲುತ್ತದೆ, ದಾಟುವುದಿಲ್ಲ. ಎಸಿ ಗಾಳಿಗೆ ಕಾಲು ತಣ್ಣಗಾಗಿ ಅವಳೂ ಹಿಮದಲ್ಲಿ ನಿಂತಳು, ಕಣ್ಣು ಮುಚ್ಚಿದರೆ ಎಷ್ಟು ಮೌನ, ಎಷ್ಟು ಕಪ್ಪು ಮರ, ಇದನ್ನು ನಾನೇಕೆ ಇಷ್ಟು ಪ್ರೀತಿಸುತ್ತೇನೆ, ನೋಡದ ಊರಿನ ಮೇಲೆ ಎಂಥ ಮೋಹ — ಗೆರೆ ಬಿಟ್ಟುಬಿಡಲೇ, ಯಾರು ಕೇಳುತ್ತಾರೆ, ಬೇಡ, ಇವತ್ತು ಒಂದು ದಾರಿ ಮುಚ್ಚಿಟ್ಟರೆ ನಾಳೆ ನನ್ನ ಕೈಯಿಂದಲೇ ಹತ್ತು ಮುಚ್ಚಿಸುತ್ತಾರೆ, ಆಮೇಲೆ ಹಸಿರು ಎಂದರೆ ಯಾರೂ ನಂಬುವುದಿಲ್ಲ.

ಎಳೆದಳು, ಬುಡದಿಂದ ತುದಿಗೆ, ಒಂದೇ ಉಸಿರಿಗೆ. ತೆಂಕಣ ತುಂಡು ಕೂಡಲೇ ಹಳದಿಯಾಯಿತು, ಆಗಲಿ, ಅದು ಚಿಕ್ಕದು, ಬಡಗಣದ್ದು ದೊಡ್ಡದಲ್ಲವೇ, ಅದೊಂದು ಉಳಿದೀತು, ಉಳಿಯಲಿ ದೇವರೇ, ಪರದೆಯ ಮೇಲೆ ಪುಟ್ಟ ಚಕ್ರ ಸುತ್ತುತ್ತಿದೆ, ಹಸಿರಾಗಿಯೇ ಇದೆ, ಇನ್ನೂ ಹಸಿರು, ಇನ್ನೂ — ಹಳದಿ, ಅದೂ ಅಳತೆಗೆ ಸಾಲಲಿಲ್ಲ. ಬಿಳಿ ಗೆರೆ, ಈಚೆ ಹಳದಿ, ಆಚೆ ಹಳದಿ.