ಇಂಜಿನಿಯರ್ ಬರುವ ಮೊದಲು

ಹಾಳುಬಿದ್ದದ್ದನ್ನು ನೋಡಲೆಂದೇ ಹೊರಟವಳು ಹಾಳುಬಿದ್ದಿದೆ ಎಂದು ಗೊಣಗಬಾರದು ಅಂತ ಅತ್ತೆ ಹೊರಟ ದಿನವೇ ತಾಕೀತು ಮಾಡಿದ್ದರು. ಮಾರನೆಯ ದಿನ ಮಧ್ಯಾಹ್ನದ ಹೊತ್ತಿಗೆ ನನಗಿಂತ ಹೆಚ್ಚು ಅವರೇ ಗೊಣಗುತ್ತಿದ್ದರು.

ನಾನು ಪುರಾತತ್ವ ಇಲಾಖೆಯಲ್ಲಿ ಗುತ್ತಿಗೆಯ ಮೇಲೆ ನಕ್ಷೆ ಬರೆಯುವವಳು. ಹಳೆಯ ಬೌದ್ಧ ನೆಲೆಗಳಿಗೆ ಹೋಗಿ ಏನು ಉಳಿದಿದೆ, ಏನು ಹೋಗಿದೆ ಎಂದು ಅಳೆದು ಗೆರೆ ಎಳೆದು ಕೊಡುವುದು ನನ್ನ ಕೆಲಸ. ಇಲಾಖೆಯ ಜೀಪು ರಿಪೇರಿಗೆಂದು ಹೋಗಿ ಗ್ಯಾರೇಜಿನಲ್ಲೇ ಸಂಸಾರ ಹೂಡಿದ್ದರಿಂದ ಈ ಸಲ ಸೋದರಮಾವನ ಗಾಡಿಯೇ ಗತಿಯಾಯಿತು. ಮಾವ ಕಟ್ಟಡದ ಕಂಟ್ರಾಕ್ಟರು. ಅವರ ಗಾಡಿಯ ಹಿಂಭಾಗದಲ್ಲಿ ಯಾವಾಗಲೂ ಒಂದು ಕರಣೆ, ಎರಡು ಬಾಂಡ್ಲಿ, ಎಲ್ಲದರ ಮೇಲೂ ಸಿಮೆಂಟಿನ ಪುಡಿ. ಮಾವ ಹೊರಟರೆ ಅತ್ತೆಯೂ ಹೊರಡಲೇಬೇಕು. ಇವರಿಗೆ ಹೊತ್ತುಹೊತ್ತಿಗೆ ಬಿಪಿ ಮಾತ್ರೆ ಕೊಡುವವರು ಯಾರು ಎಂಬುದು ಅತ್ತೆಯ ವಾದ. ಮಾತ್ರೆಯ ಡಬ್ಬಿ ಮನೆಯಲ್ಲೇ ಉಳಿದಿರುವುದು ಅರ್ಧ ದಾರಿಯಲ್ಲಿ ಗೊತ್ತಾಯಿತು. ಅದಕ್ಕೂ ನಾನು ಅವಸರ ಮಾಡಿದ್ದೇ ಕಾರಣವಾಯಿತು.

ಮೊದಲ ಸ್ತೂಪದ ನೆತ್ತಿಯ ಮೇಲೆ ಮೊಬೈಲ್ ಟವರು ನಿಂತಿತ್ತು. ಇದು ಸಂರಕ್ಷಿತ ಸ್ಮಾರಕ, ಹಾನಿ ಮಾಡಿದರೆ ಶಿಕ್ಷೆ ಎಂಬ ಬೋರ್ಡನ್ನು ಸ್ತೂಪಕ್ಕೇ ಮೊಳೆ ಹೊಡೆದು ನೇತುಹಾಕಿದ್ದರು. ಎರಡನೆಯ ಜಾಗದಲ್ಲಿ ಸ್ತೂಪವೇ ಇರಲಿಲ್ಲ. ಅದರ ಸುತ್ತಿನ ಕೆತ್ತನೆಯ ಕಲ್ಲೊಂದು ಪಕ್ಕದ ಅಕ್ಕಿ ಗಿರಣಿಯ ಬಾಗಿಲಿಗೆ ಮೆಟ್ಟಿಲಾಗಿತ್ತು. ಕಮಲದ ದಳಗಳು ಇರುವುದರಿಂದ ಮಳೆಗಾಲದಲ್ಲೂ ಕಾಲು ಜಾರುವುದಿಲ್ಲ ಎಂದು ಗಿರಣಿಯವನು ಮೆಚ್ಚುಗೆಯಿಂದ ಹೇಳಿದ. ಮೂರನೆಯ ಕಡೆ ತಲೆಯಿಲ್ಲದ ಬುದ್ಧ ಇರಬೇಕಿತ್ತು. ಯಾರೋ ಪುಣ್ಯಾತ್ಮರು ಸಿಮೆಂಟಿನ ತಲೆ ಮಾಡಿ ಕೂರಿಸಿದ್ದರು. ಕಣ್ಣು ಪೂರಾ ತೆರೆದಿತ್ತು. ಮುಖದಲ್ಲಿ ಕೊನೆಯ ಬಸ್ಸು ತಪ್ಪಿಸಿಕೊಂಡವನ ಗಾಬರಿ. ಮಾವ ಕುತ್ತಿಗೆಯ ಸಂದಿನಲ್ಲಿ ಉಗುರಾಡಿಸಿ ನೋಡಿ, ಮಾಲು ಚೆನ್ನಾಗಿ ಕಲಸಿದ್ದಾರೆ, ಇನ್ನೈವತ್ತು ವರ್ಷ ಅಲ್ಲಾಡುವುದಿಲ್ಲ ಎಂದು ಸರ್ಟಿಫಿಕೇಟು ಕೊಟ್ಟರು. ನನಗೆ ಅಳು ಬರುವಂತಾಯಿತು. ಗಾಡಿಯಲ್ಲಿ ಯಾರೂ ಮಾತಾಡಿಸದಿರಲಿ ಎಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡೆ. ಅತ್ತೆ ಅದನ್ನು ಕಿತ್ತು, ಹಸಿವಾಗಿದೆಯಾ ಎಂದು ಕೇಳಿದರು.

ಇಷ್ಟನ್ನೆಲ್ಲ ಸಹಿಸಿಕೊಂಡದ್ದು ನಾಲ್ಕನೆಯದರ ಆಸೆಯಿಂದ. ಹೆದ್ದಾರಿಯ ಮಗ್ಗುಲಲ್ಲಿ ಪೊದೆ ಮುಚ್ಚಿದ ಒಂದು ದಿಬ್ಬ. ಅದು ವಿಹಾರ, ಭಿಕ್ಷುಗಳು ವಾಸವಿದ್ದ ಕಟ್ಟಡ ಎಂದು ನಾನು ಹೇಳುತ್ತ ಬಂದಿದ್ದೆ. ರಸ್ತೆ ಅಗಲ ಮಾಡುವ ಕಚೇರಿಯವರು ಅದು ಹಳೆಯ ಇಟ್ಟಿಗೆ ಗೂಡು, ಯಾರೋ ಸುಟ್ಟು ಬಿಟ್ಟುಹೋದದ್ದು ಎನ್ನುತ್ತಿದ್ದರು. ದಿಬ್ಬ ತೆಗೆಯುವ ಯಂತ್ರ ನಾವು ಅಲ್ಲಿ ತಲುಪಿದ ಮರುದಿನ ಬೆಳಿಗ್ಗೆ ಬರುವುದಿತ್ತು. ನಮ್ಮ ಸಾಹೇಬರಿಗೆ ಫೋನು ಮಾಡಿದರೆ, ಗೂಡಲ್ಲ ಎನ್ನುವುದಕ್ಕೆ ಕಣ್ಣಿಗೆ ಕಾಣುವ ಒಂದು ಗುರುತು ತೋರಿಸು, ಬರೀ ಅನುಮಾನದ ಮೇಲೆ ರಸ್ತೆ ನಿಲ್ಲಿಸಿ ಎಂದು ಅವರಿಗೆ ನಾನು ಹೇಳಲಾರೆ ಎಂದು ಕೈತೊಳೆದುಕೊಂಡಿದ್ದರು.

ಗುರುತು ಸಿಕ್ಕಿತು. ಮೂರನೆಯ ದಿನ ಬೆಳಿಗ್ಗೆ, ತಲುಪಿದೊಡನೆ, ದಿಬ್ಬದ ಹಿಂಬದಿಯಲ್ಲಿ ಹುಲ್ಲಿನೊಳಗೆ ತೆವಳುತ್ತಿದ್ದಾಗ ಅಂಗೈಗೆ ಇಟ್ಟಿಗೆಗಳು ಸಾಲಾಗಿ ತಾಗಿದವು. ಒಂದು ಗೋಡೆ ಯಾವ ಕಾಲದಲ್ಲೋ ಇಡಿಯಾಗಿ ಅಂಗಾತ ಬಿದ್ದು, ಬಿದ್ದ ಹಾಗೆಯೇ ಮಲಗಿಬಿಟ್ಟಿತ್ತು. ಸಾಲು ಕೆಟ್ಟಿರಲಿಲ್ಲ. ಮಧ್ಯೆ ಕೈ ತಟ್ಟನೆ ಕೆಳಗಿಳಿಯಿತು. ಚೌಕವಾದ ತೂತು. ಸುತ್ತ ಅಂಚು ಇಳಿಜಾರಾಗಿ ಕೊಯ್ದ ಇಟ್ಟಿಗೆಗಳು. ಕಿಟಕಿ. ಇಟ್ಟಿಗೆ ಸುಡುವ ಗೂಡಿಗೆ ಬಾಯಿ ಇರುತ್ತದೆ, ಕಿಟಕಿ ಇರುವುದಿಲ್ಲ. ಒಳಗೊಬ್ಬ ಮನುಷ್ಯ ಕೂತು ಹೊರಗೆ ನೋಡಬೇಕು ಅನ್ನಿಸಿದಾಗ ಮಾತ್ರ ಗೋಡೆಗೆ ಕಿಟಕಿ ಬರುತ್ತದೆ. ನಾನು ಅದರ ಪಕ್ಕದಲ್ಲೇ ಸ್ವಲ್ಪ ಹೊತ್ತು ಸುಮ್ಮನೆ ಮಲಗಿದ್ದೆ. ಅತ್ತೆ ದೂರದಿಂದ, ಹಾವು ಗೀವು ಕಚ್ಚಿತೇನೇ ಎಂದು ಕೇಳಿದರು.

ಮೊಬೈಲಿನಲ್ಲಿ ಫೋಟೋ ತೆಗೆದು ರಸ್ತೆ ಕಚೇರಿಯ ಇಂಜಿನಿಯರಿಗೆ ಕಳಿಸಿದೆ. ಹುಲ್ಲು ಚೆನ್ನಾಗಿ ಬೆಳೆದಿದೆ ಮೇಡಂ ಎಂದು ಉತ್ತರ ಬಂತು. ಮತ್ತೆ ಫೋನು ಮಾಡಿದರೆ ಎತ್ತಲಿಲ್ಲ. ಹೋಗಿ ಕೈಹಿಡಿದು ಎಳೆದು ತರುವುದೊಂದೇ ಉಳಿದ ದಾರಿ. ಗಾಡಿಯಲ್ಲಿದ್ದ ಮಚ್ಚು ಮಾವನ ಕೈಗೆ ಕೊಟ್ಟು, ನಾನು ಬರುವುದರೊಳಗೆ ಹುಲ್ಲು, ಮುಳ್ಳು ಸವರಿಡಿ, ಇಂಜಿನಿಯರ್ ನೋಡಲು ಬರುತ್ತಾರೆ ಎಂದೆ. ಇಟ್ಟಿಗೆ ಮುಟ್ಟಬೇಡಿ ಎಂದು ಹೇಳಲಿಲ್ಲ. ನೀರು ಸೇದಲು ಹೋಗುವವನಿಗೆ ಬಾವಿಗೆ ಹಾರಬೇಡ ಎಂದು ಯಾರಾದರೂ ಹೇಳುತ್ತಾರೆಯೇ?

ಬಸ್ಸು ಹಿಡಿದು ಹೋದೆ. ಕಚೇರಿ ಎಂದರೆ ತಗಡಿನ ಶೆಡ್ಡು. ಗೋಡೆಯ ಮೇಲೆ ರಸ್ತೆಯ ನಕ್ಷೆ, ನಮ್ಮ ದಿಬ್ಬದ ಮೇಲೆ ಕೆಂಪು ಪೆನ್ಸಿಲಿನ ಒಂದು ಗೀಟು. ಇಂಜಿನಿಯರ್ ಊಟದ ಡಬ್ಬಿ ಮುಚ್ಚುತ್ತಿದ್ದರು. ಕೆಟ್ಟವರೇನಲ್ಲ, ದಣಿದವರು. ತಮ್ಮ ಹತ್ತಿರ ಎರಡೇ ಥರದ ಜನ ಬರುವುದು, ನಮ್ಮ ಮನೆ ಉಳಿಸಿ ಎನ್ನುವವರು, ನಮ್ಮ ಮನೆಯನ್ನೂ ಕೆಡವಿ ಪರಿಹಾರ ಕೊಡಿ ಎನ್ನುವವರು, ನೀವು ಯಾವ ಲೆಕ್ಕಕ್ಕೂ ಸೇರುವುದಿಲ್ಲ ಎಂದರು. ನಾನು ಬೆನ್ನು ಮುರಿದ ಕುರ್ಚಿಯಿಂದ ಏಳದೆ ಕೂತೇ ಇದ್ದೆ. ಕೊನೆಗೆ ನನ್ನ ಕಾಟ ತಾಳಲಾರದೆ ಜೀಪಿನ ಕೀಲಿ ತೆಗೆದುಕೊಂಡರು. ನಿಜವಾಗಿಯೂ ಕಿಟಕಿ ಕಂಡರೆ ತಾವೇ ಮೇಲಿನವರಿಗೆ ಹೇಳಿ ಯಂತ್ರ ನಿಲ್ಲಿಸುವುದಾಗಿ ದಾರಿಯಲ್ಲಿ ಮಾತು ಕೊಟ್ಟರು. ನಾನು ಮೂರು ದಿನದಲ್ಲಿ ಮೊದಲ ಸಲ ನಕ್ಕೆ.

ದಿಬ್ಬದ ಹಿಂದೆ ಒಂದು ಕಡ್ಡಿ ಹುಲ್ಲಿರಲಿಲ್ಲ. ಗೋಡೆಯೂ ಇರಲಿಲ್ಲ.

ಗೋಡೆ ಮಲಗಿದ್ದ ಜಾಗವನ್ನು ಯಾರೋ ಗುಡಿಸಿದ್ದರು. ಅದರ ಆಚೆ, ದಾರ ಹಿಡಿದು ಕಟ್ಟಿದ ಹಾಗೆ, ಮೂಲೆ ಮೂಲೆ ಕೂಡಿಸಿ ಒಂದರ ಮೇಲೊಂದು ಪೇರಿಸಿದ ಮೂರು ಇಟ್ಟಿಗೆ ಚಟ್ಟೆಗಳು ನಿಂತಿದ್ದವು. ಇಡೀ ಇಟ್ಟಿಗೆ ಒಂದು ಕಡೆ, ತುಂಡು ಒಂದು ಕಡೆ, ಅಂಚು ಇಳಿಜಾರಾಗಿ ಕೊಯ್ದವು ರದ್ದಿ ಮಾಲಿನಂತೆ ಬೇರೆಯೇ ಒಂದು ಕಡೆ. ಮಾವ ಬನಿಯನ್ನಿನಲ್ಲಿ ನಿಂತು ಹಣೆಯ ಬೆವರು ಒರೆಸಿಕೊಳ್ಳುತ್ತಿದ್ದರು. ಮಗಳ ಮದುವೆಯಲ್ಲೂ ಅವರ ಮುಖದಲ್ಲಿ ಅಷ್ಟು ತೃಪ್ತಿ ನಾನು ಕಂಡಿರಲಿಲ್ಲ.

ನನಗೆ ಅರ್ಥವಾಗಲು ಒಂದು ಕ್ಷಣ ಸಾಕಾಯಿತು, ಅದೇ ಇನ್ನೂ ಸಿಟ್ಟು ಬರಿಸುವ ವಿಷಯ. ಮಾವನ ಕಸುಬಿನಲ್ಲಿ ಇಂಜಿನಿಯರ್ ಬರುತ್ತಾರೆಂದರೆ ಸೈಟಿನಲ್ಲಿ ಇಟ್ಟಿಗೆ ಚೆಲ್ಲಾಡಿರಬಾರದು. ಬಂದವರು ಅಳತೆ ಪಟ್ಟಿ ಹಿಡಿದರೆ ಲೆಕ್ಕ ಸಿಗುವ ಹಾಗೆ ಚಟ್ಟೆ ಹಾಕಿಟ್ಟಿರಬೇಕು. ಮೂವತ್ತು ವರ್ಷ ಅವರು ಮಾಡಿದ್ದು ಅದನ್ನೇ. ನಾನು ಇಂಜಿನಿಯರ್ ಬರುತ್ತಾರೆ ಎಂದೆ. ಅವರ ಕೈಗಳು ಕೇಳಿಸಿಕೊಂಡವು. ತಲೆಯನ್ನು ಯಾರೂ ಕೇಳಲಿಲ್ಲ.

ಇಂಜಿನಿಯರ್ ಚಟ್ಟೆಯ ಸುತ್ತ ನಡೆದು, ಬೂಟಿನ ತುದಿಯಿಂದ ಒಂದನ್ನು ಮುಟ್ಟಿ, "ಯಾರು ಇದನ್ನ ಹೀಗೆ ಜೋಡಿಸಿದ್ದು?" ಎಂದರು.

ಇಂಜಿನಿಯರುಗಳು ಆ ದನಿಯಲ್ಲಿ ಯಾರು ಎಂದು ಕೇಳಿದರೆ ಕಂಟ್ರಾಕ್ಟರುಗಳ ಬಾಯಿಂದ ಬರುವ ಉತ್ತರ ಒಂದೇ.

"ನಾವು ಬಂದಾಗ ಹೀಗೇ ಇತ್ತು ಸಾರ್," ಎಂದರು ಮಾವ. ನನ್ನನ್ನು ಕಾಪಾಡಿದವರಂತೆ ನನ್ನ ಕಡೆ ಕಣ್ಣನ್ನೂ ಮಿಟುಕಿಸಿದರು.

ಇಂಜಿನಿಯರಿಗೆ ಸಮಾಧಾನವಾಯಿತು. ಸುಟ್ಟಿದ್ದಾರೆ, ಸಾಗಿಸಲು ಜೋಡಿಸಿದ್ದಾರೆ, ಆಮೇಲೆ ಯಾಕೋ ಬಿಟ್ಟುಹೋಗಿದ್ದಾರೆ, ಗೂಡಿಗೆ ಇದಕ್ಕಿಂತ ಸಾಕ್ಷಿ ಬೇಕೇ ಎಂದು ನನ್ನನ್ನೇ ಕೇಳಿದರು. ತಾವು ಇಷ್ಟು ದೂರ ಬಂದದ್ದು ದಂಡವಾಗಲಿಲ್ಲ ಎಂಬ ಖುಷಿಯೂ ಮಾತಿನಲ್ಲಿತ್ತು.

"ಇಲ್ಲ ಸಾರ್," ಎಂದೆ. "ಇದನ್ನ ಜೋಡಿಸಿದ್ದು ನಮ್ಮ ಮಾವ. ಇವತ್ತು. ನಾನು ನಿಮ್ಮ ಆಫೀಸಲ್ಲಿ ಕೂತಿದ್ದಾಗ."

ಮಾವನ ಮುಖ ಇಳಿದುಹೋಯಿತು. ನಾಲ್ಕು ಜನರ ಮುಂದೆ ಹಿರಿಯರ ಮರ್ಯಾದೆ ತೆಗೆಯುವುದೇ ಓದಿದ್ದಕ್ಕೆ ಬಂದ ಫಲವೋ ಎಂದು ಮರದ ಕೆಳಗಿನಿಂದ ಅತ್ತೆ ಶುರುಮಾಡಿದರು. ಇರುವುದೇ ನಾಲ್ಕು ಜನ, ಅದರಲ್ಲಿ ಮೂವರು ಮನೆಯವರೇ ಎಂದು ನಾನೂ ಹಾರಾಡಿದೆ. ಇಂಜಿನಿಯರ್ ಎಲ್ಲ ಮುಗಿಯುವ ತನಕ ಕಾದು, ಇವರೇ ಜೋಡಿಸಿರಲಿ, ಅವರಪ್ಪ ಜೋಡಿಸಿರಲಿ, ಚಟ್ಟೆಯಲ್ಲಿ ಕಿಟಕಿ ತೋರಿಸಿ ಎಂದರು. ಆಗ ಮಾವ ಮುಂದೆ ಬಂದರು. ಕಿಟಕಿ ಎಲ್ಲಿತ್ತೆಂದು ನನಗೆ ನೆನಪಿದೆ, ಅರ್ಧ ಗಂಟೆ ಕೊಟ್ಟರೆ ಮತ್ತೆ ಮಾಡಿಕೊಡುತ್ತೇನೆ ಎಂದರು. ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು.

"ಮೊದಲಿಗಿಂತ ನೀಟಾಗಿ ಬರತ್ತೆ," ಎಂದು ಸೇರಿಸಿದರು.

ನಾನು ನೆಲದ ಮೇಲೆ ಕೂತುಬಿಟ್ಟೆ. ಗುಡಿಸಿದ ನೆಲ, ಬಟ್ಟೆಗೆ ಮಣ್ಣೂ ಹತ್ತಲಿಲ್ಲ. ಇಷ್ಟು ಶತಮಾನ ಮಳೆಗೆ, ಬೇರಿಗೆ, ದನದ ಕಾಲಿಗೆ ಜಗ್ಗದೆ ಮಲಗಿದ್ದ ಗೋಡೆ ನನ್ನ ಸೋದರಮಾವನ ಶಿಸ್ತಿಗೆ ಒಂದು ಮಧ್ಯಾಹ್ನವೂ ತಡೆದುಕೊಳ್ಳಲಿಲ್ಲ.

ಇಂಜಿನಿಯರ್ ಜೀಪಿನ ಕಡೆ ನಡೆಯುತ್ತ, ಬೇಜಾರು ಮಾಡಿಕೊಳ್ಳಬೇಡಿ ಎಂದರು. ಈ ಜಾಗದ ಮೇಲೆ ಒಂದು ಪೊಲೀಸ್ ಕೇಸು ಅಂತ ಇದ್ದಿದ್ದರೆ ತಾವೂ ಕೈಹಾಕುತ್ತಿರಲಿಲ್ಲ. ಬರೀ ನನ್ನ ಮಾತು ನಂಬಿ ಯಂತ್ರ ನಿಲ್ಲಿಸಿದರೆ ತಮ್ಮ ಕುತ್ತಿಗೆಗೆ ಬರುತ್ತದೆ ಎಂದೂ ಹೇಳಿದರು.

ನಾನು ತಲೆಯೆತ್ತಿ ಮಾವನನ್ನು ನೋಡಿದೆ. ಅವರು ಬಾಟಲಿಯ ನೀರಿನಲ್ಲಿ ಕೈ ತೊಳೆಯುತ್ತಿದ್ದರು. ಉಗುರಿನ ಸಂದಿಯಲ್ಲೆಲ್ಲ ಹಳೆಯ ಇಟ್ಟಿಗೆಯ ಕೆಂಪು.

"ಕೇಸ್ ಇದೆ ಸಾರ್," ಎಂದೆ. "ಪುರಾತನ ವಿಹಾರದ ಗೋಡೆ ಕಿತ್ತುಹಾಕಿದ್ದಾರೆ. ಯಾರು ಕಿತ್ತರು ಅಂತ ಗೊತ್ತು. ಈಗಲೇ ಹೋಗಿ ಕಂಪ್ಲೇಂಟ್ ಕೊಡ್ತೀನಿ."

ಇಂಜಿನಿಯರ್ ನಕ್ಕರು, ಆಮೇಲೆ ನಗುವುದು ನಿಲ್ಲಿಸಿದರು. ಕಾವಲಿಲ್ಲದೆ ಬಿಟ್ಟುಹೋದವಳು ನಾನೇ ಆದ್ದರಿಂದ ನನ್ನ ಕೆಲಸವೂ ಹೋಗುತ್ತದಲ್ಲ ಎಂದು ಕೇಳಿದರು. ಹೋಗಬಹುದು ಎಂದೆ. ಹೇಳುವಾಗ ಅದು ಅಷ್ಟು ದೊಡ್ಡದಾಗಿ ಕೇಳಿಸಲಿಲ್ಲ. ಅವರು ಜೀಪು ಹತ್ತಿ ಸ್ಟೇರಿಂಗಿನ ಮೇಲೆ ಬೆರಳು ಬಡಿದರು. ಸಂಜೆಯೊಳಗೆ ಸ್ಟೇಷನ್ನಿನ ಸೀಲು ಬಿದ್ದ ಸ್ವೀಕೃತಿ ಪತ್ರದ ಫೋಟೋ ತಮ್ಮ ಮೊಬೈಲಿಗೆ ಬಂದರೆ ನಾಳೆ ಯಂತ್ರ ಬರುವುದಿಲ್ಲ, ಬಾರದಿದ್ದರೆ ಬರುತ್ತದೆ ಎಂದು ಹೇಳಿ ಹೊರಟರು.

ಆಮೇಲೆ ಮಾವನನ್ನು ಒಪ್ಪಿಸುವ ಕೆಲಸ. ತಮ್ಮ ಕೆಲಸದ ಮೇಲೆ ಇಷ್ಟು ವರ್ಷದಲ್ಲಿ ಒಬ್ಬರೂ ಕಂಪ್ಲೇಂಟ್ ಕೊಟ್ಟಿಲ್ಲ, ಕೊಡುವುದಾದರೆ ಸ್ವಂತ ಅಕ್ಕನ ಮಗಳೇ ಕೊಡಬೇಕೇ ಎಂದು ಅವರು ಕೇಳಿದರು. ಸೋರಿದ ನೀರಿನ ಟ್ಯಾಂಕು, ಒಂದು ಮೆಟ್ಟಿಲು ಮಾತ್ರ ಎತ್ತರವಾದ ಡಾಕ್ಟರ ಮನೆ, ತಾರಸಿಯಿಂದ ಅಡುಗೆಮನೆಗೇ ಇಳಿದ ಮಳೆ, ಎಲ್ಲವನ್ನೂ ಅತ್ತೆ ಅನುಕ್ರಮವಾಗಿ ನೆನಪಿಸಿದರು. ಯಾರ ಪರವಾಗಿ ಎಂದು ನನಗೆ ತಿಳಿಯಲಿಲ್ಲ, ಅವರಿಗೂ ತಿಳಿದಿರಲಿಲ್ಲ.

ಮಾವ ಚಟ್ಟೆಯನ್ನೇ ನೋಡುತ್ತ ನಿಂತಿದ್ದರು. ಆ ಇಳಿಜಾರು ಕೊಯ್ದ ಇಟ್ಟಿಗೆಗಳು ನಿಜವಾಗಿ ಕಿಟಕಿಯವೇ ಎಂದು ಕೇಳಿದರು. ಹೌದೆಂದೆ. ಅವನ್ನು ಎತ್ತಿಡುವಾಗಲೇ ಕೈಗೆ ಏನೋ ಬೇರೆ ಅನ್ನಿಸಿತು, ಆದರೂ ನಿಲ್ಲಿಸಲಿಲ್ಲ ಎಂದರು. ಕಂಪ್ಲೇಂಟ್ ಕೊಟ್ಟರೆ ಯಂತ್ರ ಎಷ್ಟು ದಿನ ನಿಲ್ಲುತ್ತದೆ ಎಂದು ಕೇಳಿದರು. ನಮ್ಮ ಇಲಾಖೆಯವರು ಬಂದು ನೋಡುವ ತನಕ, ಅವರು ಬರುವ ಪರಿ ನಿಮಗೆ ಗೊತ್ತಲ್ಲ ಎಂದೆ. ನಮ್ಮ ಜೀಪಿನ ಕಥೆ ಅವರಿಗೆ ಗೊತ್ತಿತ್ತು.

"ಸರಿ, ಬರಿ," ಎಂದರು. "ಆದ್ರೆ ಧ್ವಂಸ ಅಂತ ಬರೀಬೇಡ ಕಣಮ್ಮ. ಕಿತ್ತು ಜೋಡಿಸಿದ್ದಾರೆ ಅಂತ ಬರಿ."

"ಧ್ವಂಸ ಅಂತ ಬರೀದಿದ್ರೆ ಅವರು ತಗೊಳ್ಳಲ್ಲ ಮಾವ."

"ಹಾಗಾದ್ರೆ ಎರಡನ್ನೂ ಬರಿ."

ಸ್ಟೇಷನ್ನಿಗೆ ಗಾಡಿ ಓಡಿಸಿದ್ದು ಆರೋಪಿಯೇ. ಬೇರೆ ಯಾರಿಗೂ ಓಡಿಸಲು ಬರುತ್ತಿರಲಿಲ್ಲ. ಅತ್ತೆ ಮುಂದಿನ ಸೀಟು ಬಿಟ್ಟು ಹಿಂದೆ ಬಂದು ನನ್ನ ಪಕ್ಕ ಕೂತರು, ಆದರೆ ದಾರಿಯುದ್ದಕ್ಕೂ ಮುಖ ಕಿಟಕಿಯ ಕಡೆಗೇ ತಿರುಗಿಸಿಕೊಂಡಿದ್ದರು.

ಕಂಪ್ಲೇಂಟ್ ಬರೆದುಕೊಳ್ಳುವ ಪೊಲೀಸಿನವರು ನಿಧಾನಸ್ಥರು. ವಿಹಾರ ಎಂದರೇನು, ಅದರ ಮಾಲೀಕರು ಯಾರು, ಭಿಕ್ಷುಗಳು ಈಗ ಎಲ್ಲಿದ್ದಾರೆ ಎಂದೆಲ್ಲ ವಿಚಾರಿಸಿದರು. ಕಿಟಕಿಯ ಹೊರಗೆ ಬಿಸಿಲು ಕಂದುತ್ತಿತ್ತು. ಆರೋಪಿ ತಲೆಮರೆಸಿಕೊಂಡಿದ್ದಾನೆಯೇ ಎಂದು ಕೇಳಿದರು. ನನ್ನ ಚೀಲ ಹಿಡಿದು ಪಕ್ಕದಲ್ಲೇ ನಿಂತಿದ್ದ ಮಾವ ಕೆಮ್ಮಿದರು.

"ಇಲ್ಲೇ ಇದೀನಿ ಸಾರ್. ನಾನೇ ಮಾಡಿದ್ದು."

ಪೊಲೀಸಿನವರು ಪೆನ್ನು ಕೆಳಗಿಟ್ಟು ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಕಸುಬು ಕೇಳಿದರು. ಕಟ್ಟಡದ ಕಂಟ್ರಾಕ್ಟರು ಎಂದು ತಿಳಿದೊಡನೆ ಕುರ್ಚಿ ತೋರಿಸಿದರು. ತಮ್ಮ ಮನೆಯ ಪಶ್ಚಿಮದ ಗೋಡೆ ಎರಡು ಸಲ ಬಣ್ಣ ಹೊಡೆಸಿದರೂ ತೇವ ಬಿಡುತ್ತಿಲ್ಲ, ಏನು ಮಾಡಬಹುದು ಎಂದರು. ಮಾವ ಕೂತರು. ಗೋಡೆ ತಟ್ಟಿದರೆ ಪೊಳ್ಳು ಸದ್ದು ಬರುತ್ತದೆಯೇ, ಪೈಪು ಯಾವ ಕಡೆಯಿಂದ ಇಳಿದಿದೆ, ಮೊದಲು ಪ್ಲಾಸ್ಟರು ಕೆರೆದು ನೋಡಬೇಕು ಎಂದು ಶುರುವಾಯಿತು. ಇಬ್ಬರೂ ತಲೆ ಕೂಡಿಸಿ ಮೇಜಿನ ಮೇಲೆ ಬೆರಳಿನಿಂದ ಗೋಡೆ ಬರೆಯತೊಡಗಿದರು. ಇಂಜಿನಿಯರ್ ಆಗಲೇ ಸುದ್ದಿ ಮುಟ್ಟಿಸಿರಬೇಕು, ನನ್ನ ಮೊಬೈಲಿನಲ್ಲಿ ನಮ್ಮ ಸಾಹೇಬರ ಕರೆ ಒಂದೇ ಸಮನೆ ಬರುತ್ತಿತ್ತು, ನಾನು ಎತ್ತಲಿಲ್ಲ.

"ಸಾರ್, ಸೀಲ್," ಎಂದೆ.

ಇರಮ್ಮ ಒಂದು ನಿಮಿಷ ಎಂದು ಇಬ್ಬರೂ ಒಟ್ಟಿಗೆ ಹೇಳಿದರು.